ರಿಪೋರ್ಟ್ ಕೊಟ್ಟ ದಿನವೇ ಜೊತೆಗೊಬ್ಬರನ್ನೂ ಕೊಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಆಟಿಸಂ ಬಗ್ಗೆ, ಅಂದರೆ ಮಿದುಳು ಬೇರೆ ರೀತಿ ಬೆಳೆದು ಮಾತು, ಜನರೊಡನೆ ಬೆರೆಯುವುದು ಬೇರೆ ಥರ ಇರುವುದರ ಬಗ್ಗೆ, ಅರ್ಧ ಪುಟದ ಲೇಖನ ಬಂದಿತ್ತು. ಲಕ್ಷಣಗಳನ್ನು ಸರಿಯಾಗಿಯೇ ಬರೆದಿದ್ದೀರಿ. ಕೊನೆಯ ಸಾಲು ಮಾತ್ರ ಚುಚ್ಚಿತು. 'ಇಂಥ ಮಕ್ಕಳ ಪೋಷಕರು ಧೈರ್ಯ ತಂದುಕೊಳ್ಳಬೇಕು' ಅಂತಿತ್ತು. ಅಮ್ಮ ಅದನ್ನು ಎರಡು ಸಲ ಓದಿದಳು. ಪೇಪರ್ ಮಡಿಸಿಟ್ಟು, 'ಎಲ್ಲಿಂದ ತರಬೇಕಂತೆ?' ಅಂದಳು. ಕೋಪದಿಂದ ಕೇಳಿದ್ದಲ್ಲ. ನಿಜವಾಗಿಯೇ ಕೇಳಿದ್ದು. ಅದಕ್ಕೆ ನನಗೆ ಗೊತ್ತಿರುವ ಉತ್ತರ ಬರೆಯೋಣ ಅಂತ ಕೂತಿದ್ದೇನೆ.

ನನ್ನ ತಮ್ಮನಿಗೆ ಈಗ 19 ವರ್ಷ, ನನಗೆ 26. ಅವನಿಗೆ ಆಟಿಸಂ ಇದೆ. ಮಾತು ಬರುವುದಿಲ್ಲ. ಚಿತ್ರದ ಕಾರ್ಡ್‌ಗಳಿಂದ, ಈಚೆಗೆ ಟ್ಯಾಬ್‌ನಿಂದ, ತನಗೆ ಬೇಕಾದ್ದನ್ನು ಹೇಳುತ್ತಾನೆ. ಈ ಪತ್ರದ ಜೊತೆ ನಿನ್ನ ಫೋಟೋ ಕಳಿಸಲಾ ಅಂತ ಅವನನ್ನೇ ಕೇಳಿದೆ. 'ಬೇಡ' ಕಾರ್ಡ್ ತೆಗೆದು ನನ್ನ ಕೈಗಿಟ್ಟ. ಹಾಗಾಗಿ ಫೋಟೋ ಇಲ್ಲ. ಅವನ ಹೆಸರು ಹಾಕಬೇಡಿ, ನನ್ನದೂ ಬೇಡ.

2010ರಲ್ಲಿ ಅವನಿಗೆ ಆಟಿಸಂ ಅಂತ ಗೊತ್ತಾಯಿತು. ಅವನಿಗೆ ನಾಲ್ಕು, ನನಗೆ ಹನ್ನೊಂದು. ನಾನು ಹೊರಗೆ ಕುರ್ಚಿಯಲ್ಲಿ ಕೂತಿದ್ದೆ. ಬಾಗಿಲು ತೆಗೆದು ಮೂವರೂ ಹೊರಗೆ ಬಂದರು. ಅಪ್ಪನ ಕೈಯಲ್ಲಿ ಪಿನ್ ಹೊಡೆದ ಏಳು ಹಾಳೆಗಳಿದ್ದವು. ಅದನ್ನು ಮಡಿಸುತ್ತಿದ್ದರು, ಬಿಡಿಸುತ್ತಿದ್ದರು, ಮತ್ತೆ ಮಡಿಸುತ್ತಿದ್ದರು. 'ಏನಂತೆ?' ಅಂತ ಕೇಳಿದೆ. ಯಾರೂ ಹೇಳಲಿಲ್ಲ. ಒಳಗೆ ಡಾಕ್ಟರ್ ಹೇಳಿದ್ದು ಮೂರೇ ಮಾತು ಅಂತ ಆಮೇಲೆ ತಿಳಿಯಿತು. ಥೆರಪಿ ಶುರು ಮಾಡಿ. ಆರು ತಿಂಗಳು ಬಿಟ್ಟು ಬನ್ನಿ. ಧೈರ್ಯವಾಗಿರಿ.

ಡಾಕ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಹೊರಗೆ ಇನ್ನೂ ಹದಿನೈದು ಮನೆಯವರು ಕಾಯುತ್ತಿದ್ದರು. ಆದರೆ ಆ ಬಾಗಿಲಿಂದ ಮುಂದಿನ ಆರು ತಿಂಗಳವರೆಗೆ ನಮ್ಮ ಜೊತೆ ಯಾರಿರಬೇಕಿತ್ತು? ಆ ಕೆಲಸ ಯಾರದ್ದೂ ಆಗಿರಲಿಲ್ಲ.

ಆ ದಿನಗಳಲ್ಲಿ ಅಮ್ಮ ತನ್ನ ತಪ್ಪು ಹುಡುಕುತ್ತಿದ್ದಳು. ನಾವು ಮಲಗಿದ ಮೇಲೆ ಕಂಪ್ಯೂಟರ್ ಮುಂದೆ ಕೂರುತ್ತಿದ್ದಳು. ನೀನು ಕೆಲಸಕ್ಕೆ ಹೋಗದೇ ಇದ್ದಿದ್ದರೆ ಹೀಗಾಗ್ತಿರಲಿಲ್ಲ ಅಂತ ಒಬ್ಬರು. ಮಗುವನ್ನು ಸರಿಯಾಗಿ ಮಾತಾಡಿಸಿಲ್ಲ ಅಂತ ಇನ್ನೊಬ್ಬರು. ಲಸಿಕೆ ಹಾಕಿಸಿದ್ದೇ ತಪ್ಪು ಅಂತ ಮತ್ತೊಬ್ಬರು. ಒಂದು ರಾತ್ರಿ ಎದ್ದು ನೋಡಿದರೆ, ತಮ್ಮನ ಲಸಿಕೆ ಕಾರ್ಡ್ ಹರವಿಕೊಂಡು, ಸ್ಕೇಲ್ ಇಟ್ಟು ಒಂದೊಂದೇ ತಾರೀಖು ನೋಡುತ್ತಿದ್ದಳು. ಅವನು ಕೊನೆಯ ಸಲ 'ಅಮ್ಮ' ಅಂದದ್ದು ಯಾವಾಗ ಅಂತ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಳು.

ಲಸಿಕೆಯ ಆ ಮಾತು ಎದ್ದದ್ದು 1998ರಲ್ಲಿ. ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನುವ ಡಾಕ್ಟರ್ ಬ್ರಿಟನ್ನಿನಲ್ಲಿ 12 ಮಕ್ಕಳ ಮೇಲೆ ಬರೆದ ಒಂದು ಲೇಖನದಿಂದ. 2002ರಲ್ಲಿ ಡೆನ್ಮಾರ್ಕಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿದರು. ಲಸಿಕೆ ಹಾಕಿದವರಲ್ಲಿ ಆಟಿಸಂ ಜಾಸ್ತಿ ಏನೂ ಇರಲಿಲ್ಲ. ವೇಕ್‌ಫೀಲ್ಡ್ ಲೇಖನವನ್ನು ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ವಾಪಸ್ ಪಡೆಯಿತು. ಅಮ್ಮ ಸ್ಕೇಲ್ ಹಿಡಿದು ಕೂತದ್ದೂ ಅದೇ ವರ್ಷ. ಸುದ್ದಿ ಲಂಡನ್ನಿನಲ್ಲಿ ಮುಗಿದಿತ್ತು. ನಮ್ಮ ಮನೆಗೆ ಮುಟ್ಟಿರಲಿಲ್ಲ.

ತಾಯಿಯನ್ನು ದೂರುವುದಂತೂ ಇನ್ನೂ ಹಳೆಯದು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿದ್ದ ಡಾಕ್ಟರ್ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಬರೆದಾಗ, ಆ ತಂದೆತಾಯಿಗಳು ಅಷ್ಟು ಬೆಚ್ಚಗಿನ ಸ್ವಭಾವದವರಲ್ಲ ಅಂತಲೂ ಸೇರಿಸಿದ್ದರು. ಅದು ಬೆಳೆದು 'ರೆಫ್ರಿಜರೇಟರ್ ತಾಯಿ' ಅನ್ನುವ ಮಾತಾಯಿತು. ತಾಯಿ ತಣ್ಣಗಿದ್ದದ್ದಕ್ಕೇ ಮಗು ಹೀಗಾಯಿತು ಅಂತ. ಷಿಕಾಗೋದಲ್ಲಿ ಇಂಥ ಮಕ್ಕಳ ವಸತಿ ಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ ಇದನ್ನೇ ಗಟ್ಟಿಯಾಗಿ ಸಾರಿದರು. ಎಷ್ಟು ಹೆಂಗಸರು ಇದನ್ನು ನಂಬಿಕೊಂಡೇ ಬದುಕು ಕಳೆದರೋ. ಅದನ್ನು ಮೊದಲು ಜೋರಾಗಿ ಅಲ್ಲಗಳೆದವರು ಬರ್ನಾರ್ಡ್ ರಿಮ್ಲೆಂಡ್, 1964ರಲ್ಲಿ. ಅವರು ಮನಃಶಾಸ್ತ್ರಜ್ಞರು, ಆಟಿಸಂ ಇರುವ ಹುಡುಗನ ಅಪ್ಪ ಕೂಡ. ಮಿದುಳಿನ ಬೆಳವಣಿಗೆಯಲ್ಲೇ ಇದರ ಕಾರಣ ಇದೆ, ಸಾಕುವುದರಲ್ಲಿ ಇಲ್ಲ ಅಂದರು. 1977ರಲ್ಲಿ 21 ಜೋಡಿ ಅವಳಿ ಮಕ್ಕಳ ಅಧ್ಯಯನ ಬಂತು. ವಂಶವಾಹಿಗಳ ಪಾತ್ರ ಎಷ್ಟು ದೊಡ್ಡದು ಅಂತ ಅದರಿಂದ ಗೊತ್ತಾಯಿತು. ಅಷ್ಟರಲ್ಲಿ ಕ್ಯಾನರ್ ಕೂಡ ಬದಲಾಗಿದ್ದರು. 1969ರಲ್ಲಿ ಪೋಷಕರ ಸಭೆಗೆ ಬಂದು, ನಿಮ್ಮ ಮೇಲೆ ಯಾವ ಆರೋಪವೂ ಇಲ್ಲ ಅಂತ ಎದುರಿಗೇ ಹೇಳಿದರು.

ಇದನ್ನೆಲ್ಲ ಹೇಳಲು ಹತ್ತು ನಿಮಿಷ ಸಾಕು. 2010ರಲ್ಲಿ ಆ ಬಾಗಿಲ ಹೊರಗೆ ಯಾರಾದರೂ ಅಮ್ಮನ ಪಕ್ಕ ಕೂತು ಹೇಳಿದ್ದರೆ, ಅವಳ ಎಷ್ಟು ರಾತ್ರಿಗಳು ಉಳಿಯುತ್ತಿದ್ದವು ಅಂತ ನಾನು ಈಗಲೂ ಯೋಚಿಸುತ್ತೇನೆ.

ಹೇಳುವವರು ಸಿಕ್ಕಿದರು, ಎಂಟು ತಿಂಗಳು ತಡವಾಗಿ. ಥೆರಪಿ ಸೆಂಟರಿನ ಕಾಯುವ ಕೋಣೆಯಲ್ಲಿ. ಅವರ ಮಗಳಿಗೆ ಆಗ ಹದಿನೈದು ವರ್ಷ, ಅವಳಿಗೂ ಆಟಿಸಂ. ನಾನು ಅವರನ್ನು ಆಂಟಿ ಅಂತಲೇ ಕರೆಯುವುದು. ಎಲ್ಲರೂ ಅಮ್ಮನನ್ನು 'ಮಗು ಹೇಗಿದೆ' ಅಂತ ಕೇಳುತ್ತಿದ್ದರು. ಆಂಟಿ ಕೇಳಿದ್ದು, 'ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?' ಅಂತ. ಅಮ್ಮ ಅಲ್ಲೇ ಅತ್ತುಬಿಟ್ಟಳು. ಆಂಟಿ ಸಮಾಧಾನ ಹೇಳಲಿಲ್ಲ. ಬ್ಯಾಗಿನಿಂದ ಒಂದು ಫೈಲ್ ತೆಗೆದು, 'ಹೀಗೆ ಒಂದು ಮಾಡ್ಕೊಳ್ಳಿ' ಅಂದರು.

ಆ ಫೈಲ್ ನಮ್ಮನೆಯಲ್ಲಿ ಇವತ್ತಿಗೂ ಇದೆ. ಮೊದಲ ಹಾಳೆಯಲ್ಲಿ ತಮ್ಮನ ಬಗ್ಗೆ ಒಂದೇ ಪುಟ. ಅವನಿಗೆ ಏನಿಷ್ಟ, ಯಾವ ಸದ್ದು ಆಗುವುದಿಲ್ಲ, ಹೆದರಿದಾಗ ಏನು ಮಾಡುತ್ತಾನೆ, ಹೇಗೆ ಸಮಾಧಾನ ಆಗುತ್ತಾನೆ. ಆಮೇಲೆ ರಿಪೋರ್ಟುಗಳು, ಪ್ರತಿಯೊಂದಕ್ಕೂ ಮೂರು ಜೆರಾಕ್ಸ್. ಕೊನೆಯಲ್ಲಿ ಒಂದು ನೋಟ್‌ಬುಕ್. ಯಾರನ್ನು ಭೇಟಿ ಮಾಡಿದೆವು, ಏನು ಹೇಳಿದರು, ಯಾವ ತಾರೀಖಿನೊಳಗೆ ಮಾಡುತ್ತೇವೆ ಅಂದರು. 'ನೋಡೋಣ ಅಂತ ಯಾರಾದ್ರೂ ಅಂದ್ರೆ, ಯಾವತ್ತು ನೋಡ್ತೀರಿ ಅಂತ ಕೇಳಿ, ಅವರೆದುರಿಗೇ ಬರ್ಕೊಳ್ಳಿ' ಅನ್ನುತ್ತಿದ್ದರು ಆಂಟಿ. ಅಪ್ಪನಿಗೆ ಇದು ಸಂಕೋಚದ ವಿಷಯವಾಗಿತ್ತು. ಆಮೇಲೆ ಅಭ್ಯಾಸವಾಯಿತು.

ಒಂದು ಘಟನೆ ಹೇಳಲೇಬೇಕು. ತಮ್ಮನಿಗೆ ಏಳು ವರ್ಷ ಇದ್ದಾಗ ಶಾಲೆಯಿಂದ ಕರೆ ಬಂತು. ದಿನವೂ ಕಿರುಚುತ್ತಾನೆ, ಪಕ್ಕದ ಮಗುವನ್ನು ತಳ್ಳುತ್ತಾನೆ, ಇನ್ನು ಮೇಲೆ ಎರಡು ಗಂಟೆ ಮಾತ್ರ ಇಟ್ಟುಕೊಳ್ಳುತ್ತೇವೆ ಅಂದರು. ಅಮ್ಮ ಒಪ್ಪಿಕೊಂಡು ಬರುವವಳಿದ್ದಳು. ಆಂಟಿ ಜೊತೆಗೆ ಹೋದರು. ಜಗಳ ಆಡಲಿಲ್ಲ. 'ಅವನು ಕಿರುಚುವ ಮುಂಚಿನ ಹತ್ತು ನಿಮಿಷ ಏನಾಗುತ್ತೆ? ಒಂದು ವಾರ ಬರೆದಿಡ್ತೀರಾ?' ಅಂತ ಕೇಳಿದರು. ಟೀಚರ್ ಒಳ್ಳೆಯವರು, ಬರೆದಿಟ್ಟರು. ಒಂದು ವಾರದಲ್ಲಿ ವಿಷಯ ಹೊರಬಿತ್ತು. ಪೀರಿಯಡ್ ಬೆಲ್ ಇದ್ದದ್ದು ಅವನ ಬೆಂಚಿನ ಹಿಂದಿನ ಗೋಡೆಯ ಆಚೆ. ಬೆಲ್ ಹೊಡೆಯುತ್ತದೆ ಅಂತ ಅವನಿಗೆ ಗೊತ್ತು, ಆದರೆ ಯಾವಾಗ ಅಂತ ಗೊತ್ತಾಗುವುದಿಲ್ಲ. ಆ ಕಾಯುವ ಹೆದರಿಕೆಯಲ್ಲೇ ಅವನು ತಳ್ಳುತ್ತಿದ್ದ. ಬೆಂಚು ಬದಲಾಯಿಸಿದರು. ಬೆಲ್‌ಗೆ ಎರಡು ನಿಮಿಷ ಮೊದಲು ಅವನಿಗೊಂದು ಕಾರ್ಡ್ ತೋರಿಸಿ, ಕಿವಿಗೆ ಹೆಡ್‌ಫೋನ್ ಹಾಕಲು ಶುರು ಮಾಡಿದರು. ಕಿರುಚುವುದು ಪೂರ್ತಿ ನಿಲ್ಲಲಿಲ್ಲ. ಆದರೆ ಎರಡು ಗಂಟೆಯ ಮಾತು ಮತ್ತೆ ಬರಲಿಲ್ಲ.

ಅಡ್ವೊಕೆಸಿ, ಅಂದರೆ ಒಬ್ಬರ ಪರವಾಗಿ ನಿಂತು ಮಾತಾಡುವುದು, ಹೇಗಿರುತ್ತದೆ ಅಂತ ಕೇಳಿದರೆ ನನಗೆ ನೆನಪಾಗುವುದು ಆ ಮೀಟಿಂಗ್. ಟೇಬಲ್ಲಿನ ಆ ಕಡೆ ನಾಲ್ಕು ಜನ, ಈ ಕಡೆ ಅಮ್ಮ, ಅವಳ ಪಕ್ಕದ ಕುರ್ಚಿಯಲ್ಲಿ ಆಂಟಿ. ಅಮ್ಮನಿಗೆ ತನ್ನ ಮಗನ ಬಗ್ಗೆ ಎಲ್ಲ ಗೊತ್ತಿತ್ತು. ಆದರೆ ಅಂಥ ಕೋಣೆಯಲ್ಲಿ ಗಂಟಲು ಕಟ್ಟಿ ಏನೂ ಹೇಳಲು ಆಗುತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬರಿದ್ದರೆ ಆಗುತ್ತಿತ್ತು.

ಇದು ಒಬ್ಬ ಆಂಟಿಯ ಒಳ್ಳೆಯತನದ ಮೇಲೆ ನಿಲ್ಲಬಾರದು ಅನ್ನುವುದೇ ನನ್ನ ವಾದ. ನಾವು ಆವತ್ತು ಬೇರೆ ಸಮಯಕ್ಕೆ ಥೆರಪಿಗೆ ಹೋಗಿದ್ದರೆ ಅವರು ಸಿಗುತ್ತಲೇ ಇರಲಿಲ್ಲ. ಮಗುವಿಗೆ ಆಟಿಸಂ ಇದೆ ಅಂತ ರಿಪೋರ್ಟ್ ಕೊಡುವ ಪ್ರತಿಯೊಂದು ಕಡೆಯೂ, ಅದೇ ದಿನ, ಈ ದಾರಿಯಲ್ಲಿ ನಡೆದು ಬಂದ ಒಬ್ಬರನ್ನು ಆ ಕುಟುಂಬಕ್ಕೆ ಪರಿಚಯ ಮಾಡಿಸಬೇಕು. ಅವರಿಗೆ ತರಬೇತಿ ಕೊಡಬೇಕು, ಸಂಬಳವನ್ನೂ ಕೊಡಬೇಕು. ಕನಿಷ್ಠ ಮೊದಲ ಒಂದು ವರ್ಷ ಅವರು ಆ ಮನೆಯ ಜೊತೆಗಿರಬೇಕು.

ಇದು ಆಗದ ಮಾತೇನಲ್ಲ. ಬ್ರಿಟನ್ನಿನಲ್ಲಿ 1962ರಲ್ಲಿ ಆಟಿಸಂ ಸೊಸೈಟಿ ಕಟ್ಟಿದವರು ಕೆಲವು ತಂದೆತಾಯಿಗಳು. ಅವರಲ್ಲೊಬ್ಬರು ಲೋರ್ನಾ ವಿಂಗ್. ಮನೋವೈದ್ಯೆ, ಮಗಳಿಗೆ ಆಟಿಸಂ ಇತ್ತು. ಜೂಡಿತ್ ಗೌಲ್ಡ್ ಜೊತೆ ಸೇರಿ 1979ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಿಂದಲೇ ಆಟಿಸಂ ಒಂದೇ ಅಚ್ಚಿನದ್ದಲ್ಲ, ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುವ ಸ್ಪೆಕ್ಟ್ರಂ ಅನ್ನುವ ತಿಳಿವಳಿಕೆ ಬೆಳೆಯಿತು. ಅಮೆರಿಕದಲ್ಲಿ 1965ರಲ್ಲಿ ಸಂಘ ಕಟ್ಟಿದ್ದು ಮೇಲೆ ಹೇಳಿದ ರಿಮ್ಲೆಂಡ್ ಮತ್ತು ಬೇರೆ ಪೋಷಕರು. ವಿಶ್ವ ಆರೋಗ್ಯ ಸಂಸ್ಥೆಯೂ ಈಗ ಆಟಿಸಂ ಥರ ಬೆಳವಣಿಗೆಯಲ್ಲಿ ತೊಂದರೆ ಇರುವ ಎರಡರಿಂದ ಒಂಬತ್ತು ವರ್ಷದ ಮಕ್ಕಳ ಮನೆಯವರಿಗೆ ಅಂತಲೇ ಒಂದು ತರಬೇತಿ ಮಾಡಿದೆ. ಒಂಬತ್ತು ಸಲ ಗುಂಪಿನಲ್ಲಿ ಕೂರುವುದು, ಮೂರು ಸಲ ಮನೆಗೆ ಬರುವುದು. ಕಲಿಸಲು ದೊಡ್ಡ ತಜ್ಞರೇ ಬೇಕಿಲ್ಲ. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ಸಾಕು, ಪೋಷಕರೂ ಆಗಬಹುದು. 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಿಗೆ ಒಬ್ಬರಂತೆ ಆಟಿಸಂ ಇತ್ತು ಅಂತ ಅದೇ ಸಂಸ್ಥೆಯ ಅಂದಾಜು. ಇಷ್ಟು ಮನೆಗಳಿಗೆ ಸಾಕಾಗುವಷ್ಟು ತಜ್ಞರು ಬಹಳಷ್ಟು ದೇಶಗಳಲ್ಲಿ ಇಲ್ಲ. ದಾರಿ ಗೊತ್ತಿರುವ ಪೋಷಕರು ಮಾತ್ರ ಎಲ್ಲ ಕಡೆಯೂ ಇದ್ದಾರೆ.

ಅವನು ಕಳೆದುಹೋದ ಸಂಜೆಯನ್ನೂ ಬರೆಯುತ್ತೇನೆ. ಬರೆಯಲು ಕಷ್ಟವಾಗುತ್ತದೆ, ಆದರೂ ಓದುವವರಲ್ಲಿ ಯಾರಿಗಾದರೂ ಬೇಕಾಗಬಹುದು. ಅವನಿಗೆ ಒಂಬತ್ತು, ನನಗೆ ಹದಿನಾರು. ಅಮ್ಮ ಹೊರಗೆ ಹೋಗಿದ್ದಳು. ನಾನು ಪರೀಕ್ಷೆಗೆ ಓದುತ್ತಿದ್ದೆ. ತಲೆ ಎತ್ತಿ ನೋಡಿದರೆ ಗೇಟ್ ತೆಗೆದಿತ್ತು. ಹೆಸರು ಹಿಡಿದು ಕೂಗಿದರೆ ಓಗೊಡುವ ಹುಡುಗ ಅಲ್ಲ ಅವನು. ಆಂಟಿ ಮೊದಲೇ ಹೇಳಿದ್ದರು: ಆಟಿಸಂ ಇರುವ ಮಕ್ಕಳಲ್ಲಿ ತುಂಬಾ ಜನ ಹೀಗೆ ಹೊರಟುಬಿಡುತ್ತಾರೆ, ಅವರನ್ನು ನೀರು ಎಳೆಯುತ್ತದೆ, ಮನೆಯಲ್ಲಿ ಹುಡುಕುತ್ತಾ ಕೂರಬೇಡಿ, ಮೊದಲು ಹತ್ತಿರದಲ್ಲಿ ನೀರು ಎಲ್ಲೆಲ್ಲಿದೆಯೋ ಅಲ್ಲಿಗೆ ಓಡಿ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ, ನಾಲ್ಕು ವರ್ಷ ದಾಟಿದ ಮೇಲೆ ಮಗು ಒಮ್ಮೆಯಾದರೂ ಹೀಗೆ ಹೊರಟುಹೋಗಲು ನೋಡಿದೆ ಅಂದ ಪೋಷಕರು ಹತ್ತಿರ ಹತ್ತಿರ ಅರ್ಧದಷ್ಟು. ನಾನು ಓಡಿದೆ. ಮನೆ ಕಟ್ಟುತ್ತಿದ್ದ ಒಂದು ಜಾಗದಲ್ಲಿ ಮುಚ್ಚಳ ಇಲ್ಲದ ನೀರಿನ ತೊಟ್ಟಿ ಇತ್ತು. ಅದರ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಒಂದು ಕಡ್ಡಿಯಿಂದ ನೀರು ಕಲಕುತ್ತಿದ್ದ. ಖುಷಿಯಾಗಿದ್ದ. ನಾನು ಕೂಗಲಿಲ್ಲ. ಹಿಂದಿನಿಂದ ಹೋಗಿ ಸೊಂಟ ಹಿಡಿದುಕೊಂಡು ಕೂತೆ. ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಅವನನ್ನು ಉಳಿಸಿದ್ದು ಆಂಟಿ ಯಾವತ್ತೋ ಹೇಳಿದ್ದ ಆ ಒಂದು ಮಾತು. ಏಳು ಹಾಳೆಯ ರಿಪೋರ್ಟಿನಲ್ಲಿ ಅದು ಇರಲಿಲ್ಲ.

ಅಕ್ಕತಂಗಿ, ಅಣ್ಣತಮ್ಮಂದಿರ ಬಗ್ಗೆ ಲೇಖನಗಳಲ್ಲಿ ಒಂದು ಸಾಲೂ ಇರುವುದಿಲ್ಲ. ನನ್ನ ತಮ್ಮ ಕಲಿತ, ಕಾರ್ಡ್ ಕೊಟ್ಟು ಮಾತಾಡುವ ವಿಧಾನವನ್ನು 1985ರಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದರು. ಅದನ್ನು ಶುರುವಿನಲ್ಲಿ ಕಲಿಸಲು ಇಬ್ಬರು ಬೇಕು. ಒಬ್ಬರು ಎದುರಿಗೆ ಕೂತು ಕಾರ್ಡ್ ತೆಗೆದುಕೊಳ್ಳಬೇಕು. ಇನ್ನೊಬ್ಬರು ಮಗುವಿನ ಹಿಂದೆ ಕೂತು, ಮಾತಾಡದೆ, ಅದರ ಕೈಗೆ ಸಹಾಯ ಮಾಡಬೇಕು. ಹಿಂದೆ ಕೂತವಳು ನಾನು. ಹನ್ನೆರಡನೇ ವಯಸ್ಸಿನಲ್ಲಿ, ದಿನಾ ಸಂಜೆ. ಅವನು ಮೊದಲ ಸಲ ತಾನಾಗಿಯೇ 'ನೀರು' ಕಾರ್ಡ್ ಎತ್ತಿ ಅಮ್ಮನ ಕೈಗಿಟ್ಟಾಗ ಅವನ ಮುಖ ನನಗೆ ಕಾಣಲಿಲ್ಲ, ಬೆನ್ನು ಮಾತ್ರ ಕಂಡಿತು. ಅಮ್ಮನ ಮುಖ ಕಂಡಿತು.

ನನಗೆ ಅವನೆಂದರೆ ಪ್ರಾಣ. ಹಾಗಿದ್ದರೂ ಹೇಳುತ್ತೇನೆ, ಆ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಬೇಕಿತ್ತು. ಸ್ನೇಹಿತೆಯರನ್ನು ಮನೆಗೆ ಕರೆಯಲು ಹಿಂಜರಿಯುತ್ತಿದ್ದೆ. ಹಿಂಜರಿದದ್ದಕ್ಕೆ ನಾಚಿಕೆಪಡುತ್ತಿದ್ದೆ. ಅಪ್ಪ ಅಮ್ಮನ ಮೇಲೆ ಇನ್ನಷ್ಟು ಭಾರ ಹಾಕಬಾರದು ಅಂತ ಜ್ವರ ಬಂದರೂ ಹೇಳುತ್ತಿರಲಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಡಾನ್ ಮೆಯರ್ ಅನ್ನುವವರು 1980ರ ದಶಕದಲ್ಲೇ ಇಂಥ ಅಕ್ಕ, ಅಣ್ಣ, ತಂಗಿ, ತಮ್ಮಂದಿರನ್ನು ಒಟ್ಟಿಗೆ ಸೇರಿಸಿ ಆಟ, ಮಾತುಕತೆ ನಡೆಸುವುದನ್ನು ಶುರು ಮಾಡಿದ್ದರು. ಅಂಥದ್ದೊಂದು ಗುಂಪು ನನಗೆ ಸಿಕ್ಕಿದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ. 'ಅಪ್ಪ ಅಮ್ಮನ ನಂತರ ಅವನನ್ನು ಯಾರು ನೋಡ್ಕೋತಾರೆ?' ಅಂತ ಯಾರಾದರೂ ಕೇಳಿದಾಗ, ಕೋಣೆಯಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡುತ್ತಾರಲ್ಲ, ಆ ನೋಟದ ಬಗ್ಗೆ ಅಲ್ಲಿ ಮೊದಲ ಸಲ ಮಾತಾಡಿದೆ. ಎಂಟು ಜನರಲ್ಲಿ ಎಂಟೂ ಜನ ತಲೆಯಾಡಿಸಿದರು.

ಆ ಪ್ರಶ್ನೆ ಈಗ ಹತ್ತಿರ ಬಂದಿದೆ. ಹದಿನೆಂಟು ತುಂಬಿದ ತಿಂಗಳೇ ಅವನು ಹೋಗುತ್ತಿದ್ದ ಸೆಂಟರಿನವರು, ನಮ್ಮದು ಮಕ್ಕಳಿಗೆ ಮಾತ್ರ ಅಂದರು. ಆಟಿಸಂ ಹದಿನೆಂಟಕ್ಕೆ ಮುಗಿಯುವುದಿಲ್ಲ, ಸೌಲಭ್ಯ ಮುಗಿಯುತ್ತದೆ. ಈಗಲೂ ಬೆಳಿಗ್ಗೆ ಅದೇ ಸಮಯಕ್ಕೆ ಬ್ಯಾಗ್ ಹಾಕಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಾನೆ. ವ್ಯಾನ್ ಬರುವುದಿಲ್ಲ. ಅವನ ಟ್ಯಾಬ್‌ನಲ್ಲಿ 'ಇವತ್ತು ಇಲ್ಲ' ಅಂತ ಒಂದು ಚಿತ್ರ ಸೇರಿಸಿದ್ದೇವೆ. ಅದನ್ನು ಒತ್ತಿ ಒತ್ತಿ ನನಗೆ ಕೇಳಿಸುತ್ತಾನೆ.

ಕ್ಯಾನರ್ ಬರೆದ ಆ 11 ಮಕ್ಕಳಲ್ಲಿ ಮೊದಲನೆಯವರು ಡೊನಾಲ್ಡ್ ಟ್ರಿಪ್ಲೆಟ್. ಅವರ ಅಪ್ಪ ಮಗನ ಬಗ್ಗೆ ಕ್ಯಾನರ್‌ಗೆ 33 ಪುಟದ ಪತ್ರ ಬರೆದಿದ್ದರು. ಆಟಿಸಂನ ಇತಿಹಾಸ ಶುರುವಾಗುವುದೇ ಒಬ್ಬ ಪೋಷಕರ ಪತ್ರದಿಂದ ಅಂತ ತಿಳಿದಾಗ ನನಗೆ ಏನೋ ಬಲ ಬಂದ ಹಾಗಾಯಿತು. ಮಿಸಿಸಿಪ್ಪಿಯ ಫಾರೆಸ್ಟ್ ಅನ್ನುವ ಸಣ್ಣ ಊರಿನಲ್ಲಿ ಡೊನಾಲ್ಡ್ ಬೆಳೆದರು. ಬ್ಯಾಂಕಿನಲ್ಲಿ ಕೆಲಸ ಮಾಡಿದರು, ಕಾರು ಓಡಿಸಿದರು, ಒಬ್ಬರೇ ದೇಶ ದೇಶ ಸುತ್ತಿದರು, 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಮನೆಯವರು ಅನುಕೂಲಸ್ಥರು, ಬ್ಯಾಂಕೂ ಅವರ ಕುಟುಂಬಕ್ಕೆ ಸೇರಿದ್ದು, ನಿಜ. ಮಾತಾಡಬಲ್ಲವರು, ನನ್ನ ತಮ್ಮನ ಹಾಗಲ್ಲ, ಅದೂ ನಿಜ. ಆದರೆ ಇಡೀ ಊರು ಅವರನ್ನು ನಮ್ಮವನು ಅಂತ ಇಟ್ಟುಕೊಂಡಿತ್ತು. ಹಣಕ್ಕಿಂತ ನನಗೆ ಹೊಟ್ಟೆಕಿಚ್ಚಾಗುವುದು ಅದನ್ನು ಕಂಡು.

ನಿಮ್ಮ ಪತ್ರಿಕೆಗೆ ಎರಡು ಮನವಿ. ಆ ಲೇಖನದಲ್ಲಿ 'ಆಟಿಸಂನಿಂದ ನರಳುತ್ತಿರುವ' ಅಂತ ನಾಲ್ಕು ಕಡೆ ಇತ್ತು. ಅದನ್ನು ಎಣಿಸಿದ್ದು ಆಂಟಿಯ ಮಗಳು. ಆಗ ಹದಿನೈದು ವರ್ಷದವಳಿದ್ದಳಲ್ಲ, ಈಗ ಮೂವತ್ತು. ಮಾತಾಡುವುದು ಕಡಿಮೆ, ಬರೆಯುವುದು ಜಾಸ್ತಿ. 'ನಾನು ನರಳೋದು ಟ್ಯೂಬ್‌ಲೈಟ್ ಗುಂಯ್ ಅಂದಾಗ, ಜನ ನನ್ನ ಮುಂದೆಯೇ ನನ್ನ ಬಗ್ಗೆ ಮಾತಾಡಿದಾಗ' ಅಂತ ನನಗೆ ಮೆಸೇಜ್ ಕಳಿಸಿದಳು. 1993ರಲ್ಲಿ ಟೊರಾಂಟೊದ ಒಂದು ಸಮ್ಮೇಳನದಲ್ಲಿ, ಆಟಿಸಂ ಇರುವ ಜಿಮ್ ಸಿಂಕ್ಲೇರ್ ಪೋಷಕರ ಎದುರಿಗೆ ನಿಂತು, ನಮಗಾಗಿ ದುಃಖಪಡಬೇಡಿ ಅಂದಿದ್ದರು. ಇಷ್ಟು ವರ್ಷವಾದರೂ ನಾವು ಅವರನ್ನು ಬಿಟ್ಟು ಅವರ ಬಗ್ಗೆ ಬರೆಯುತ್ತಲೇ ಇದ್ದೇವೆ. ಮುಂದಿನ ಸಲ ಆಟಿಸಂ ಇರುವವರನ್ನೇ ಕೇಳಿ ಬರೆಯಿರಿ. ಟೈಪ್ ಮಾಡಿ ಉತ್ತರ ಕೊಡುತ್ತಾರೆ. ಸ್ವಲ್ಪ ಸಮಯ ಕೊಡಬೇಕು ಅಷ್ಟೇ.

ಇನ್ನೊಂದು, ಏಪ್ರಿಲ್ 2ರ ಬಗ್ಗೆ. ವಿಶ್ವಸಂಸ್ಥೆ 2007ರಲ್ಲಿ ಆ ದಿನವನ್ನು ಗೊತ್ತುಮಾಡಿತು, 2008ರಿಂದ ಆಚರಣೆ ನಡೆಯುತ್ತಿದೆ. ಆ ದಿನ ನೀವು ತಪ್ಪದೆ ಬರೆಯುತ್ತೀರಿ, ಅದಕ್ಕೆ ನಿಜವಾಗಿಯೂ ಕೃತಜ್ಞತೆ ಇದೆ. ಆದರೆ ಮನೆಗೆ ರಿಪೋರ್ಟ್ ಬರುವುದು ಯಾವ ತಿಂಗಳಲ್ಲಾದರೂ ಬರುತ್ತದೆ. ತಿಂಗಳಿಗೊಮ್ಮೆ ಒಂದು ಸಣ್ಣ ಜಾಗ ಕೊಡಿ. ಶಾಲೆಯ ಮೀಟಿಂಗ್‌ಗೆ ಏನು ತೆಗೆದುಕೊಂಡು ಹೋಗಬೇಕು, ಮಗು ಕಾಣೆಯಾದರೆ ಮೊದಲ ಹತ್ತು ನಿಮಿಷ ಏನು ಮಾಡಬೇಕು, ಹದಿನೆಂಟಕ್ಕೆ ಎರಡು ವರ್ಷ ಮೊದಲೇ ಏನೇನು ಕೇಳಿಟ್ಟುಕೊಳ್ಳಬೇಕು, ಇಂಥವು. ಬರೆಯಲು ಜನ ಬೇಕಾದರೆ ನಾವಿದ್ದೇವೆ. ನಾನು ಸುಮ್ನೆ ಹೇಳುತ್ತಿಲ್ಲ, ಮೊದಲ ಮೂರು ಬರೆದಿಟ್ಟಿದ್ದೇನೆ.

ಪತ್ರ ಉದ್ದವಾಯಿತು, ಕ್ಷಮಿಸಿ. ನಾಳೆ ಬೆಳಿಗ್ಗೆ ಬೇಗ ಏಳಬೇಕು. ಮೂರು ವರ್ಷದ ಒಂದು ಹುಡುಗಿಗೆ ಹೋದ ವಾರ ರಿಪೋರ್ಟ್ ಕೊಟ್ಟಿದ್ದಾರೆ. ಅವಳ ಅಪ್ಪ ಅಮ್ಮ ಥೆರಪಿ ಸೆಂಟರಿಗೆ ಮೊದಲ ಸಲ ಹೋಗುತ್ತಿದ್ದಾರೆ, ಆಂಟಿಯೂ ನಾನೂ ಜೊತೆಗೆ ಹೋಗುತ್ತೇವೆ. ಹೊಸ ಫೈಲ್ ತಂದಿಟ್ಟಿದ್ದೇನೆ. ಆ ಹುಡುಗಿಗೆ ಏಳು ವರ್ಷದ ಒಬ್ಬ ಅಣ್ಣ ಇದ್ದಾನಂತೆ. ಅವನನ್ನೂ ಕರೆದುಕೊಂಡು ಬನ್ನಿ ಅಂತ ಹೇಳಿದ್ದೇನೆ. ದೊಡ್ಡವರು ಒಳಗೆ ಹೋದಾಗ ನಾನು ಹೊರಗೆ ಅವನ ಪಕ್ಕ ಕೂರುತ್ತೇನೆ.

ಇಂತಿ,
ಒಬ್ಬ ಅಕ್ಕ